ಕೌನ್ಸೆಲರ್ ಮುಂದೆ ಬಿಚ್ಚಿದ ಫೈಲು

ಇವತ್ತು ಬೆಳಿಗ್ಗೆ ಮಗಳ ಜನನ ಪ್ರಮಾಣಪತ್ರಕ್ಕಾಗಿ ಕಪಾಟು ಜಾಲಾಡುವಾಗ ದಪ್ಪ ನೀಲಿ ಫೈಲೊಂದು ಕೈಗೆ ಬಂತು. ಹಳೆಯ ಪ್ಲಾಸ್ಟಿಕ್ ಕವರುಗಳ ವಾಸನೆ ಮೂಗಿಗೆ ಬಡಿದದ್ದೇ ತಡ, ನಗು ಬಂತು. ಈ ಫೈಲನ್ನು ನಾನು ಎಲ್ಲೆಲ್ಲಿಗೆ ಹೊತ್ತಿಲ್ಲ ಹೇಳಿ! ವೀಸಾಕ್ಕೆ, ಇಲ್ಲಿ ಕಾಯಂ ಉಳಿಯುವ ಪಿಆರ್‌ಗೆ, ರೆಂಟಿನ ಮನೆಗೆ. ಕೊನೆಗೆ ಕೌನ್ಸೆಲರ್ ಹತ್ತಿರಕ್ಕೂ.

ಎರಡು ವರ್ಷದ ಹಿಂದಿನ ಮಾತು. ನಾವಿರುವ ಕೆಲ್ಲಿವಿಲ್‌ನಿಂದ ಮ್ಯಾಕ್ವೆರಿ ಪಾರ್ಕಿನ ಆಫೀಸಿಗೆ ಮೆಟ್ರೋದಲ್ಲಿ ಹೋಗುತ್ತಿದ್ದವನಿಗೆ ಒಂದು ದಿನ ಸುರಂಗದೊಳಗೆ ಎದೆ ಹಿಡಿದುಕೊಂಡಿತು. ಮೈಯೆಲ್ಲ ಬೆವರು, ಸತ್ತೇಹೋದೆ ಅಂದುಕೊಂಡೆ. ಪರೀಕ್ಷೆ ಮಾಡಿದ ಡಾಕ್ಟರು ಹೃದಯ ಗಟ್ಟಿಯಾಗಿದೆ, ಇದು ಮನಸ್ಸಿನ ಗಾಬರಿ ಎಂದರು. ಅಂದಿನಿಂದ ಕಾರೇ ಗತಿ. ದಾವಣಗೆರೆಯಲ್ಲಿ ಬಸ್ಸಿನ ಟಾಪ್ ಮೇಲೆ ಕೂತು ಕಾಲೇಜಿಗೆ ಹೋದ ಗಂಡಸು ಈಗ ರೈಲಿಗೆ ಹೆದರುತ್ತಾನೆಂದು ಯಾವ ಬಾಯಲ್ಲಿ ಹೇಳಲಿ?

ಮಗಳು ಅನಘಾಳಿಗೆ ಅದೇ ಮೆಟ್ರೋ ದಾರಿಯ ಚಾಟ್ಸ್‌ವುಡ್‌ನಲ್ಲಿ ಡಿಬೇಟ್ ಇತ್ತು. ಇಬ್ಬರೂ ಮೆಟ್ರೋದಲ್ಲಿ ಹೋಗೋಣವೆಂದು ಮಾತು ಕೊಟ್ಟವನು ಸ್ಟೇಷನ್ ಬಾಗಿಲಿನಿಂದಲೇ ವಾಪಸ್ ಬಂದೆ. ಅವಳು ಗೆಳತಿಯ ಮನೆಯವರ ಜೊತೆ ಹೋದಳು. ಆಮೇಲೆ ನನ್ನನ್ನು ಎಲ್ಲಿಗೂ ಕರೆಯುವುದನ್ನೇ ಬಿಟ್ಟಳು. ಅದು ಸುರಂಗಕ್ಕಿಂತ ಹೆಚ್ಚು ಸಂಕಟ ಕೊಟ್ಟಿತು.

"ರೀ, ಹಲ್ಲು ನೋವಂದ್ರೆ ಓಡ್ತೀರ, ಇದಕ್ಕೇನು ನಾಚ್ಕೆ? ಗುರುವಾರ ನಾಲ್ಕಕ್ಕೆ ಕೌನ್ಸೆಲರ್ ಹತ್ರ ಬುಕ್ ಮಾಡಿದೀನಿ," ಎಂದಳು ಹೆಂಡತಿ ಸುಧಾ.

ಹೋದೆ, ಫೈಲು ಸಮೇತ. ಹೆಲೆನ್ ಎಂಬ ನರೆಗೂದಲ ಕೌನ್ಸೆಲರ್ ಮೊದಲು ಒಂದು ಫಾರ್ಮ್ ಕೊಟ್ಟರು. ನಿದ್ದೆ ಕೆಡುತ್ತದೆಯೇ, ಭಯವಾಗುತ್ತದೆಯೇ, ಎಷ್ಟು ಸಲ? ಎಲ್ಲದಕ್ಕೂ 'ಇಲ್ಲವೇ ಇಲ್ಲ' ಎಂದು ಟಿಕ್ ಮಾಡಿದೆ. ವೀಸಾದ ಮೆಡಿಕಲ್ ಫಾರ್ಮುಗಳಲ್ಲಿ 'ಇಲ್ಲ' ಬರೆದು ಬರೆದೇ ಈ ದೇಶಕ್ಕೆ ಬಂದವರು ನಾವು, ಸಿಟಿಜನ್ ಆದರೂ ಒಳಗೊಂದು ಅಳುಕು. ಆಮೇಲೆ ಫೈಲು ಬಿಚ್ಚಿ ಇಸಿಜಿ, ಡಿಗ್ರಿ, ಮದುವೆ ಸರ್ಟಿಫಿಕೇಟ್ ಎಲ್ಲ ಮೇಜಿನ ಮೇಲೆ ಜೋಡಿಸಿದೆ. ಅಂಗೈ ಹುಣ್ಣಿಗೆ ಕನ್ನಡಿ ಹಿಡಿದ ಮಹಾನುಭಾವ ನಾನು!

ಹೆಲೆನ್ ಎಲ್ಲವನ್ನೂ ನೋಡಿದರು. "ಈ ಫಾರ್ಮಿನ ಪ್ರಕಾರ ನಿಮಗೇನೂ ಆಗಿಲ್ಲ. ಆದರೂ ಬಂದಿದ್ದೀರಿ. ಇಲ್ಲಿ ಯಾರೂ ಪಾಸು ಫೇಲು ಮಾಡುವುದಿಲ್ಲ," ಎಂದು ಇನ್ನೊಂದು ಖಾಲಿ ಫಾರ್ಮ್ ಮುಂದಿಟ್ಟರು. ಮೂರನೇ ಪ್ರಶ್ನೆಗೆ ಬರುವಷ್ಟರಲ್ಲಿ ಅಳುತ್ತಿದ್ದೆ. ಅಪ್ಪ ಹೋದಾಗಲೂ ಹಾಗೆ ಅತ್ತಿರಲಿಲ್ಲ.

ನೀವೂ ಹೋಗುವವರಿದ್ದರೆ ಕೇಳಿ, ಮೊದಲ ದಿನ ಪವಾಡವೇನೂ ನಡೆಯುವುದಿಲ್ಲ. ಜೀವಕ್ಕೆ ಅಪಾಯವಿಲ್ಲದಿದ್ದರೆ ಹೇಳಿದ್ದು ಹೊರಗೆ ಹೋಗುವುದಿಲ್ಲವೆಂದು ಅವರೇ ತಿಳಿಸುತ್ತಾರೆ. ನೀವು ಉಪದೇಶಕ್ಕೆ ಕಾಯುತ್ತೀರಿ, ಅವರು ಸುಮ್ಮನೆ ಕೇಳುತ್ತ ಕೂರುತ್ತಾರೆ. ನಮ್ಮ ಕನ್ನಡ ಕೂಟದ ಅಂಕಲ್‌ಗಳಿಂದ ಈ ಕೆಲಸ ಸಾಧ್ಯವೇ ಇಲ್ಲ ಬಿಡಿ. ಕೆಲವು ವಾರ ಕಳೆದ ಮೇಲೆ ನನಗೆ ಹೋಂವರ್ಕ್ ಶುರುವಾಯಿತು. ಒಂದು ವಾರ ಬರೀ ಪ್ಲಾಟ್‌ಫಾರ್ಮಿನಲ್ಲಿ ನಿಂತು ಬರುವುದು, ಆಮೇಲೆ ಒಂದು ಸ್ಟೇಷನ್, ಆಮೇಲೆ ಎರಡು. ಅರ್ಧಕ್ಕೇ ಇಳಿದು ಓಡಿದ್ದೂ ಉಂಟು. ತಿಂಗಳುಗಳೇ ಹಿಡಿದವು. ಒಬ್ಬನೇ ಓಡಾಡುವಷ್ಟಾದೆ, ಮಗಳನ್ನು ಕರೆಯುವ ಧೈರ್ಯ ಮಾತ್ರ ಬಂದಿರಲಿಲ್ಲ.

ಇವತ್ತು ಕೇಳಿಯೇಬಿಟ್ಟೆ. "ಪುಟ್ಟಿ, ಚಾಟ್ಸ್‌ವುಡ್‌ಗೆ ಬರ್ತೀಯಾ? ಮೆಟ್ರೋದಲ್ಲಿ."

ಅನುಮಾನದಿಂದಲೇ ಬಂದಳು. ರೈಲು ಸುರಂಗಕ್ಕಿಳಿದಾಗ ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ, ಮನೆಯಲ್ಲಿ ನಾಯಿ ಸಾಕಬೇಕೆಂದು ವಾದ ತೆಗೆದಳು. ನಾನು ಬೇಡವೆಂದೆ. ಅವಳು ಇಂಗ್ಲಿಷಿನಲ್ಲಿ ಐದು ಕಾರಣ ಕೊಟ್ಟಳು, ನಾನು ಕನ್ನಡದಲ್ಲಿ ಆರು ಕೊಟ್ಟೆ. ಜಗಳ ರಂಗೇರಿತು.

"ಅಪ್ಪಾ, ವಿ ಮಿಸ್ಡ್ ಅವರ್ ಸ್ಟಾಪ್!"

ಚಾಟ್ಸ್‌ವುಡ್ ಬಂದು ಹೋಗಿತ್ತು. ರೈಲು ಮತ್ತೆ ಸುರಂಗದಲ್ಲಿತ್ತು. ನನಗದು ಗೊತ್ತೇ ಆಗಿರಲಿಲ್ಲ! ಬೋಗಿಯ ಜನರೆಲ್ಲ ತಿರುಗಿ ನೋಡುವಂತೆ ನಕ್ಕೆ.

"ಆರ್ ಯು ಓಕೆ, ಅಪ್ಪಾ?" ಎಂದು ಮೆಲ್ಲಗೆ ನನ್ನ ಕೈ ಹಿಡಿದಳು.

"ಕೂತ್ಕೋ ಪುಟ್ಟಿ. ಮುಂದೆ ರೈಲು ಹಾರ್ಬರ್ ನೀರಿನ ಕೆಳಗೆ ಹೋಗುತ್ತಂತೆ. ಅದನ್ನೂ ದಾಟಿ ಬರೋಣ. ನಾಯಿ ವಿಷ್ಯ ಇನ್ನೂ ಇತ್ಯರ್ಥ ಆಗಿಲ್ಲ."