ಹಿಮದ ಘಟ್ಟಕ್ಕೆ ಹೊತ್ತ ನೀರು

ಮಳೆ ಕೈಕೊಟ್ಟು ಅರ್ಧ ಔರಾದ ತಾಲ್ಲೂಕು ಕೂಲಿ ಹುಡುಕಿ ಹೈದರಾಬಾದು, ಪುಣೆ ಸೇರಿದ್ದ ವರ್ಷವೇ ನಮ್ಮ ಭಾಲ್ಕಿ ಕಾಲೇಜಿನವರು ನಮ್ಮನ್ನು ಹಿಮಾಲಯದ ಚಾರಣಕ್ಕೆ ಕರೆದೊಯ್ದರು. ಊರಲ್ಲಿ ಕುಡಿಯಲು ನೀರಿಲ್ಲ, ಇವರಿಗೆ ಬೆಟ್ಟ ಹತ್ತುವ ಚಟ ಎಂದು ಜನ ಆಡಿಕೊಂಡರು. ಆಡಿಕೊಳ್ಳಲಿ ಬಿಡಿ, ನಾನಂತೂ ಕುಣಿದುಕೊಂಡೇ ಹೊರಟೆ.

ಜೊತೆಗಿದ್ದ ಗೆಳತಿ ಔರಾದ ಕಡೆಯ ಹಳ್ಳಿಯವಳು. ಅವಳ ಅವ್ವ-ಅಪ್ಪ ಇಬ್ಬರೂ ಹೈದರಾಬಾದಿನಲ್ಲಿ ಗಾರೆ ಕೆಲಸಕ್ಕಿದ್ದರು. ಹಲವು ದಿನ ದೇವದಾರು ಕಾಡಿನಲ್ಲಿ ನಡೆದು ಕೊನೆಗೆ ಹಿಮದ ಘಟ್ಟ ದಾಟಬೇಕಿತ್ತು. ಆ ಹಿಮ ತುಳಿಯುವುದೊಂದೇ ಅವಳ ಆಸೆ. ತುಳಿದು ಬರುತ್ತೇನೆಂದು ಅವ್ವನಿಗೆ ಮಾತು ಕೊಟ್ಟಿದ್ದಳು.

ಅವಳ ಮನೆಯಲ್ಲೊಂದು ಕಟ್ಟಳೆ: ನೀರು ಕಂಡ ಮೇಲೆ ಖಾಲಿ ಪಾತ್ರೆ ಹಿಡಿದು ಮುಂದೆ ಹೋಗಬಾರದು. ಹೆಜ್ಜೆಗೊಂದು ತೊರೆ ಹರಿಯುವ ಆ ಕಾಡಿನಲ್ಲೂ ಅವಳು ಎಣ್ಣೆಯ ಹಳೆ ಕ್ಯಾನು ತುಂಬಿ ಬೆನ್ನಿಗೆ ಹೊತ್ತಿದ್ದಳು. ಏದುಸಿರು ಬಿಡುತ್ತ ಹಿಂದೆ ಬಿದ್ದಾಗ ನಮ್ಮನ್ನು ಕರೆತಂದ ಸರ್ ಚೀಲ ಬಿಚ್ಚಿಸಿದರು. ಅವರು ಬೀದರ ನಗರದವರು, ಅಂಗಳದಲ್ಲೇ ಬೋರು ಇದ್ದವರು.

“ಬಾಜೂಕ ಹಳ್ಳ ಹರಿಲಾಕತ್ತದ, ಈಕಿ ನೀರ ಹೊತ್ಗೊಂಡು ಹೊಂಟಾಳ ನೋಡ್ರಿ!” ಎಂದರು.

ಎಲ್ಲರೂ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವರು ಔರಾದ ಕಡೆಯವರೇ, ತಮ್ಮ ತುಂಬಿದ ಬಾಟಲಿಗಳನ್ನು ಬೆನ್ನ ಹಿಂದೆ ಮರೆಮಾಡಿಕೊಂಡು.

“ಚೆಲ್ಲು,” ಎಂದರು ಸರ್.

“ಚೆಲ್ಲೂದು ಬ್ಯಾಡ್ರಿ ಸರ್, ಕುಡಿತೇನ್ರಿ.”

“ಕುಡಿ ಹಂಗಾರ.”

ಕುಡಿದಳು. ಮಂಜು ಕರಗಿದ ನೀರು, ಹಲ್ಲು ಕಟಕಟ ಎನ್ನುತ್ತಿತ್ತು. ಸರ್‌ಗೆ ತಮಾಷೆ. ಕ್ಯಾನು ಅರ್ಧವಾಗುವಷ್ಟರಲ್ಲಿ ಅವರಿಗೂ ಸಾಕಾಗಿ, “ಬಿಡು, ನಡಿ ಇನ್ನ” ಎಂದರು. ಆದರೆ ನನ್ನ ಮೈ ಉರಿಯುತ್ತಿತ್ತು.

“ನಿಮ್ ಅಂಗಳದಾಗ ಬೋರ್ ಅದರಿ ಸರ್, ಅದಕ ನಗು ಬರ್ತದ. ನಿಮ್ ಮನಿಯವ್ರು ಟ್ಯಾಂಕರ್ ಮುಂದ ಕೊಡ ಹಿಡ್ದು ನಿಂತಿದ್ರ ಗೊತ್ತಾಗ್ತಿತ್ರಿ,” ಎಂದೆ.

ಸರ್ ಮುಖ ಕಪ್ಪಿಟ್ಟಿತು. ನಾನು ಎಲ್ಲರಿಗಿಂತ ಮುಂದೆ ನಡೆಯುವವಳು, ನನ್ನನ್ನು ಇಳಿಸಲು ನೆಪವಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. “ನಡ್ಯಾಕ ಆಗಲಾರ್ದವ್ರು ಕೆಳಗ ಇಳೀರಿ,” ಎಂದು ಅವಳನ್ನು ನಮ್ಮ ಸಾಮಾನು ಹೊರಿಸಿಕೊಂಡು ಬಂದಿದ್ದ ಹೇಸರಗತ್ತೆಯವನ ಜೊತೆ ಅಲ್ಲಿಂದಲೇ ವಾಪಸ್ ಕಳಿಸಿದರು.

ಅವಳ ಚೀಲ ಕಟ್ಟಿಕೊಡಲು ಹೋದೆ. ನನ್ನ ಕೈ ಕೊಡವಿದಳು.

“ನಿನಗ ಯಾರ್ ಹೇಳಿದ್ರು ಬಾಯಿ ತೆಗಿ ಅಂತ? ನಕ್ರ ನಗ್ತಿದ್ರು. ಅದು ನನಗ ರೂಢಿ ಅದ. ಕುಡ್ದು ಮ್ಯಾಲ ಹೋಗ್ತಿದ್ನಲ್ಲ.”

ನಾನಾಡಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಇವತ್ತಿಗೂ ಹಾಗೆಂದೇ ಜಗಳಕ್ಕೆ ನಿಲ್ಲುತ್ತೇನೆ. ಆದರೆ ಹಿಮ ತುಳಿದವಳು ನಾನು.