ಕಿವಿಯಮ್ಮ ತಟ್ಟಿದ ಹನ್ನೊಂದು ಬಾಟಲಿ

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕಿವಿಯಮ್ಮ ಎಂದೇ ಕರೆಯುತ್ತಿದ್ದರು. ಬಟಾಣಿ, ಕಡಲೆ, ಟೊಮೆಟೊ ತುಂಬಿದ ತಗಡಿನ ಡಬ್ಬಿಗಳು ಸಾಲಾಗಿ ಬರುವಾಗ ಸಣ್ಣ ಕಬ್ಬಿಣದ ಕಡ್ಡಿಯಿಂದ ಮುಚ್ಚಳಕ್ಕೆ ಒಂದೊಂದು ಏಟು ಹಾಕುವುದೇ ಅವಳ ಕೆಲಸ. ಠಣ್ ಎಂದರೆ ಮುಚ್ಚಳ ಬಿಗಿಯಾಗಿ ಕೂತಿದೆ, ಮುಂದೆ ಹೋಗಲಿ. ದಪ್ ಎಂದರೆ ಗಾಳಿ ನುಗ್ಗಿದೆ, ಪಕ್ಕಕ್ಕಿಡು. ಇಪ್ಪತ್ತಾರು ವರ್ಷ ತಟ್ಟಿದಳು. ಕೆಲಸ ಬಿಟ್ಟರೂ ಚಟ ಬಿಡಲಿಲ್ಲ. ಅಂಗಡಿಯಲ್ಲೂ ಬೀಗದ ಕೈಯಿಂದ ಡಬ್ಬಿ ತಟ್ಟುತ್ತಿದ್ದರೆ, ಒಳಗೆ ಯಾರೂ ಇಲ್ಲಮ್ಮ, ಎಷ್ಟು ಬಡಿದರೂ ಬಾಗಿಲು ತೆಗೆಯೋದಿಲ್ಲ ಎಂದು ಅಂಗಡಿಯವನು ರೇಗಿಸುತ್ತಿದ್ದ.

ಸೊಸೆಗೆ ಮಾತ್ರ ಡಬ್ಬಿ ಕಂಡರಾಗದು. ಮಗು ಗಟ್ಟಿ ಆಹಾರಕ್ಕೆ ಬಾಯಿ ತೆರೆಯತೊಡಗಿದಂದಿನಿಂದ ಅವಳಿಗೆ ನಿದ್ದೆಯಿಲ್ಲ. ತಗಡಿನೊಳಗೆ ಏನು ಬಳಿದಿರುತ್ತಾರೋ, ಎಷ್ಟು ದೂರದ ಲಾರಿಯ ಹೊಗೆ ಕುಡಿದು ಬಂದಿರುತ್ತದೋ, ಖಾಲಿ ಡಬ್ಬಿ ಯಾವ ಕಸದ ಗುಡ್ಡೆ ಸೇರುತ್ತದೋ. ತಾರಸಿಯ ತೊಟ್ಟಿಗಳಲ್ಲಿ ತಾನೇ ಟೊಮೆಟೊ ಬೆಳೆದು, ನಿಂಬೆರಸ ಹಾಕಿ ಬೇಯಿಸಿ, ಗಾಜಿನ ಬಾಟಲಿಗಳಿಗೆ ತುಂಬಿ, ಬಾಟಲಿಗಳನ್ನೂ ಕುದಿಸಿ ಸಾಲಾಗಿ ಇಟ್ಟಳು. ಹನ್ನೊಂದು ಬಾಟಲಿ. ಜನ್ಮದಲ್ಲಿ ಮೊದಲ ಸಲ ಕೊಂಚ ಬೀಗಿದಳು. ಅತ್ತೆ ಹತ್ತಿರ ಸುಳಿದಾಗ, ಡಬ್ಬಿ ತಟ್ಟಿದ್ದು ಸಾಕು, ಮಗುವಿನ ಹೊಟ್ಟೆಯನ್ನು ತಾನು ನೋಡಿಕೊಳ್ಳುವೆ ಎಂದುಬಿಟ್ಟಳು.

ಮರುದಿನ ಸೊಸೆ ಮಗುವಿಗೆ ನೀರೆರೆಯುತ್ತಿದ್ದಾಗ ಕಿವಿಯಮ್ಮ ತಡೆಯಲಾರದೆ ಚಮಚ ಎತ್ತಿಕೊಂಡಳು. ಠಣ್, ಠಣ್. ಮೂರನೆಯದು ದಪ್. ಹೇಳಿದರೆ ಅತ್ತೆಗೆ ಹೊಟ್ಟೆಕಿಚ್ಚು ಅನ್ನುತ್ತಾಳೆ. ಹೇಳದಿದ್ದರೆ ಕೂಸಿನ ಗತಿ? ಅಡುಗೆಮನೆಗೂ ಪಡಸಾಲೆಗೂ ಆರು ಸಲ ಓಡಾಡಿದಳು. ಅಷ್ಟರಲ್ಲಿ ಸೊಸೆ ಬಂದು, ವಿಧಿ ಬರೆದ ಹಾಗೆ, ಅದೇ ಬಾಟಲಿಗೆ ಕೈ ಹಾಕಿದಳು.

"ಅದು ಬೇಡಮ್ಮ. ಮುಚ್ಚಳ ಕೂತಿಲ್ಲ."

"ಚೆನ್ನಾಗೇ ಕಾಣ್ತಿದೆಯಲ್ಲ ಅತ್ತೆ?"

"ಕಾಣೋದಿಲ್ಲ. ಕೇಳ್ಸುತ್ತೆ."

ಸೊಸೆ ಜಗಳವಾಡಲಿಲ್ಲ, ಬಾಟಲಿಯನ್ನು ಹಾಗೇ ಕಸದ ತೊಟ್ಟಿಗೆ ಸುರಿದು ಬಂದು, ಉಳಿದ ಹತ್ತನ್ನೂ ತಟ್ಟಿಸಿದಳು. ಎಲ್ಲವೂ ಠಣ್. ಇನ್ನೊಂದು ಸಲ ಎಂದಳು. ಮೂರನೆಯ ಸುತ್ತಿನಲ್ಲಿ ಕಿವಿಯಮ್ಮ ಒಂದೇ ಬಾಟಲಿಯನ್ನು ಎರಡೆರಡು ಸಲ ತಟ್ಟತೊಡಗಿದಳು. ಕಾರ್ಖಾನೆಯಲ್ಲಿ ದಿನಕ್ಕೆ ಸಾವಿರಾರು ಡಬ್ಬಿ ದಾಟಿಸುವಾಗ ತಿನ್ನುವವರು ಯಾರೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಈಗ ತಿನ್ನುವವನು ಸೊಸೆಯ ಸೊಂಟದ ಮೇಲೆ ಕೂತು ಚಮಚಕ್ಕೆ ಕೈಚಾಚುತ್ತಿದ್ದಾನೆ. ಠಣ್ ಯಾವುದು, ದಪ್ ಯಾವುದು, ಒಂದೂ ತಿಳಿಯದು.

"ಗೊತ್ತಾಗ್ತಿಲ್ಲ ಕಣಮ್ಮ," ಎಂದು ಒಂದು ಬಾಟಲಿ ತೆರೆದು ಎರಡು ಚಮಚ ತಾನೇ ತಿಂದಳು. "ನಾಳೆವರೆಗೂ ನಂಗೇನೂ ಆಗದಿದ್ರೆ ಅವ್ನಿಗೆ ಕೊಡು."

"ನಿಮಗೊಬ್ರಿಗೇ ಯಾಕೆ?" ಎಂದು ಸೊಸೆ ಚಮಚ ಕಿತ್ತುಕೊಂಡು ತಾನೂ ಎರಡು ನುಂಗಿದಳು.

ಮಗುವಿಗೆ ಆಲೂಗಡ್ಡೆ ಬೇಯಿಸಿ ಹಿಸುಕಿ ಕೊಟ್ಟರು. ಅದು ಗಲ್ಲಕ್ಕೆಲ್ಲ ಮೆತ್ತಿಕೊಂಡು ನಗುತ್ತಿತ್ತು. ಅತ್ತೆ ಸೊಸೆ ಎದುರುಬದುರು ಕೂತು, ಸಂಜೆಯವರೆಗೂ ಒಬ್ಬರ ಮುಖ ಒಬ್ಬರು ನೋಡುತ್ತ, ಹೊಟ್ಟೆ ಏನಾದರೂ ಅನ್ನುತ್ತಿದೆಯೇ ಎಂದು ಗಳಿಗೆಗೊಮ್ಮೆ ಕೇಳಿಕೊಂಡರು.