ಕೊನೆಯ ಸಾಲು ಓದಿಸಿದ ಅಕ್ಕೋರು

ನಮ್ಮ ಅಕ್ಕೋರ ಬಲಗೈ ಹೆಬ್ಬೆರಳು ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ಉಳಿದ ನಾಲ್ಕು ಬೆರಳುಗಳ ಗೆಣ್ಣುಗಳ ಮೇಲೆ ಹತ್ತುತ್ತ ಇಳಿಯುತ್ತ ಏನನ್ನಾದರೂ ಎಣಿಸುತ್ತಲೇ ಇರುತ್ತಿತ್ತು. ಬಸ್ಸಿನಲ್ಲಾದರೆ ನಿಂತ ಹೆಂಗಸರೆಷ್ಟು, ಕ್ಲಾಸಿನಲ್ಲಾದರೆ ಯಾರು ಎಷ್ಟು ಸಲ ಕಿಟಕಿ ನೋಡಿದರು. ಸೀಮೆಸುಣ್ಣ ಹಿಡಿದು ಹಿಡಿದು ಆ ಬೆರಳಿನ ತುದಿ ಬಿರುಕು ಬಿಟ್ಟಿತ್ತು. ನಾನು ಕಾಲೇಜು ಸೇರಿದ ಮೂರನೆಯ ದಿನ ನನ್ನನ್ನು ನಿಲ್ಲಿಸಿಕೊಂಡು, "ಏ ತಂಗಿ, ಮುಂಜಾನಿಂದ ಏಳು ಸಲ ‘ಗೊತ್ತಿಲ್ರಿ’ ಅಂದಿ. ಅದರಾಗ ನಾಕು ಸಲ ನಿನಗ ಗೊತ್ತಿತ್ತು" ಎಂದರು. ಅದು ನಿಜವಾಗಿತ್ತು.

ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಸವದತ್ತಿಯ ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ವಿಷಯ ಆಗಷ್ಟೇ ಶುರುವಾಗಿತ್ತು, ಕಲಿಸುವವರು ಸಿಕ್ಕಿರಲಿಲ್ಲ. ಗಣಿತ ಕಲಿಸುತ್ತಿದ್ದ ಅಕ್ಕೋರು ನಲವತ್ತು ದಾಟಿದ ಮೇಲೆ ಎರಡು ಬೇಸಿಗೆ ರಜೆ ಬೆಳಗಾವಿಗೆ ಹೋಗಿ, ಮಗಳ ವಯಸ್ಸಿನ ಹುಡುಗಿಯರ ಪಕ್ಕ ಬೆಂಚಿನ ಮೇಲೆ ಕುಳಿತು ಕಲಿತು ಬಂದರು. ದಿನಾ ಮುರಗೋಡದಿಂದ ಬಸ್ಸಿಗೆ ಬರುತ್ತಿದ್ದರು. ಉಳಿದವರನ್ನೆಲ್ಲ ಮೇಡಂ ಎನ್ನುತ್ತಿದ್ದ ನಾವು ಇವರೊಬ್ಬರನ್ನು ಹಳ್ಳಿಯ ಶಾಲೆಯ ರೂಢಿಯಂತೆ ಅಕ್ಕೋರು ಎಂದೇ ಕರೆಯುತ್ತಿದ್ದೆವು. ಅವರಿಗೂ ಅದೇ ಸೇರುತ್ತಿತ್ತು.

ಲ್ಯಾಬಿನಲ್ಲಿದ್ದದ್ದು ಆರು ಕಂಪ್ಯೂಟರ್. ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದರೂ ಕೀಬೋರ್ಡ್ ಮುಟ್ಟಲು ಅವರು ಬಿಡುತ್ತಿರಲಿಲ್ಲ. "ಮೊದಲ ಹಾಳಿ ಮ್ಯಾಲ, ಆಮ್ಯಾಲ ಮಷಿನ್ ಮ್ಯಾಲ" ಎಂಬುದು ಅವರ ಕಾನೂನು. ಬರೆದ ಪ್ರೋಗ್ರಾಮನ್ನು ಬೆರಳಿಟ್ಟು ಸಾಲುಸಾಲಾಗಿ ಓದಿ ಹೇಳಬೇಕು. ಕರೆಂಟು ಹೋದರೆ ಉಳಿದವರಿಗೆ ರಜೆ, ನಮಗೆ ಮಾತ್ರ ಪಾಠ ಇನ್ನೂ ಬಿರುಸು.

ನಮ್ಮೂರು ಮನೋಳಿ ರಸ್ತೆಯಿಂದ ನಾಲ್ಕು ಕಿಲೋಮೀಟರ್ ಒಳಗೆ. ಊರಿಗೆ ಬಸ್ಸಿರಲಿಲ್ಲ. ಸಾಯಂಕಾಲ ಪ್ರಾಕ್ಟಿಕಲ್ ಮುಗಿಸಿ ಕ್ರಾಸಿನಲ್ಲಿ ಇಳಿದರೆ ಹೊತ್ತು ಮುಳುಗುತ್ತ ಬಂದಿರುತ್ತಿತ್ತು. ಅಲ್ಲಿಂದ ಕಬ್ಬಿನ ಹೊಲಗಳ ನಡುವೆ ಒಬ್ಬಳೇ ನಡೆಯಬೇಕು. ಮೊದಲ ವರ್ಷ ಹೇಗೋ ಕಳೆಯಿತು. ಎರಡನೆಯ ವರ್ಷ ದೀಪಾವಳಿ ಮುಂದೆ ಅಪ್ಪ ಊಟಕ್ಕೆ ಕುಳಿತಾಗ ಮೆಲ್ಲಗೆ ಹೇಳಿದ: "ನೀ ಮನಿ ಮುಟ್ಟೂತನಕ ನಿಮ್ಮವ್ವ ಹೊಸ್ತಲಾ ಬಿಟ್ಟು ಏಳೂದಿಲ್ಲ. ಹಬ್ಬ ಆದ ಮ್ಯಾಲ ಸಾಲಿ ಸಾಕು ಮಾಡವಾ." ಅಪ್ಪ ಗದರುವ ಮನುಷ್ಯನಲ್ಲ. ಗದರಿದ್ದರೆ ನಾನೂ ಎದುರು ಮಾತಾಡುತ್ತಿದ್ದೆ. ಹಾಗೆ ಹೇಳಿದ್ದಕ್ಕೇ ಹ್ಞೂಂ ಎಂದುಬಿಟ್ಟೆ.

ಅದೇ ವಾರ ಕಾಲೇಜಿನಲ್ಲಿ ಬಸ್ಸಿನ ಮಾತು ನಡೆದಿತ್ತು. ಸಂಜೆ ಐದಕ್ಕೆ ಒಂದು ಹೆಚ್ಚಿನ ಬಸ್ಸು ಬೇಕೆಂದು ಪ್ರಿನ್ಸಿಪಾಲರು ಡಿಪೊಗೆ ಬರೆದಿದ್ದರು. ಯಾವ ಊರಿನಿಂದ ಎಷ್ಟು ಮಂದಿ ಬರುತ್ತಾರೆ, ಪಟ್ಟಿ ಕಳಿಸಿ ಎಂದು ಡಿಪೊದಿಂದ ಉತ್ತರ ಬಂತು. ವಿದ್ಯಾರ್ಥಿ ಪಾಸಿನ ಇನ್ನೂರು ಚಿಲ್ಲರೆ ಅರ್ಜಿಗಳ ಕಟ್ಟು ಅಕ್ಕೋರ ಮೇಜಿಗೆ ಬಿತ್ತು. ಅವರು ಅದನ್ನು ಎತ್ತಿಕೊಂಡು ನೇರ ಲ್ಯಾಬಿಗೆ ತಂದು, "ಇವತ್ತಿನ ಪ್ರಾಕ್ಟಿಕಲ್ ಇದ. ಹೆಚ್ಚ ಸಲ ಬಂದ ಊರು ಮ್ಯಾಲ, ಕಡಿಮಿ ಸಲ ಬಂದದ್ದು ಕೆಳಗ" ಎಂದರು.

ಪ್ರತಿ ಊರಿಗೂ ಒಂದೊಂದು ನಂಬರು ಕೊಟ್ಟೆವು. ಅರ್ಜಿ ತೆಗೆದಂತೆ ನಂಬರು ಟೈಪು ಮಾಡುವುದು. ಯಾವ ನಂಬರು ಎಷ್ಟು ಸಲ ಬಂತೆಂದು ಯಂತ್ರ ಎಣಿಸಬೇಕು. ಆಮೇಲೆ ಎಣಿಕೆಯ ಪ್ರಕಾರ ಊರುಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಬೇಕು. ಪ್ರೋಗ್ರಾಮು ಬರೆಯಲು ಅಕ್ಕೋರು ನನ್ನನ್ನು ಕರೆದರು. ಇನ್ನೆಂಟು ದಿನ ಇದ್ದು ಹೋಗುವವಳಿಗೆ ಯಾಕೆ ಬೇಕಿತ್ತು ಎಂದು ಅನ್ನಿಸಿತು, ಆದರೂ ಕುಳಿತೆ. ಕೈಗೆ ಮೊದಲು ಸಿಕ್ಕಿದ್ದು ನನ್ನದೇ ಅರ್ಜಿ. ಹೀಗಾಗಿ ನಮ್ಮೂರು ಒಂದನೇ ನಂಬರಾಯಿತು.

ಪ್ರೋಗ್ರಾಮು ಓಡಿಸಿದಾಗ ಪರದೆಯ ಮೇಲಿನ ಮೊದಲ ಸಾಲು ನೋಡಿ ಇಡೀ ಲ್ಯಾಬು ನಕ್ಕಿತು. ನಮ್ಮೂರಿನ ಮುಂದೆ ಅರವತ್ತೊಂದು!

"ನಿಮ್ಮೂರಾಗ ಮನಿ ಎಷ್ಟ ಅದಾವವಾ?" ಎಂದು ಗೆಳತಿಯೊಬ್ಬಳು ಕೇಳಿದಳು.

ಅಕ್ಕೋರು ನಗಲಿಲ್ಲ. ಹಾಳೆ ತರಿಸಿ ನನ್ನ ಸಾಲುಗಳ ಮೇಲೆ ಬೆರಳು ಓಡಿಸುತ್ತ ಒಂದು ಸಾಲಿನಲ್ಲಿ ನಿಲ್ಲಿಸಿದರು. "ಎಣಿಕಿ ಅಷ್ಟ ಜಾಗಾ ಬದಲ ಮಾಡೇತಿ. ಊರು ಕುಂತಲ್ಲೇ ಕುಂತಾವ. ಎಣಿಕಿ ಹ್ವಾದಲ್ಲಿ ಅದರ ಊರೂ ಹೋಗಬೇಕಲಾ?"

ಊರಿನ ನಂಬರನ್ನೂ ಅದಲುಬದಲು ಮಾಡುವ ಮೂರು ಸಾಲು ಸೇರಿಸಿದೆ. ಆಗ ಹನ್ನೆರಡು, ಹನ್ನೆರಡು ಎಂದು ಎಣಿಕೆ ಸಮನಾಗಿದ್ದ ಎರಡು ಊರುಗಳು ಹಿಂದುಮುಂದಾದವು. "ಸಮ ಇದ್ದವರನ್ನ ಯಾಕ ಎಬ್ಬಸಿದಿ? ಮೊದಲ ಬಂದವರು ಮೊದಲ ಕುಂದರ್ಲಿ" ಎಂದರು. ಹೋಲಿಸುವ ಸಾಲಿನಲ್ಲಿದ್ದ ಒಂದು ಸಮ ಚಿಹ್ನೆ ಅಳಿಸಿದೆ. ಈ ಸಲ ಪಟ್ಟಿ ಸರಿಯಾಯಿತು. ಮನೋಳಿ ಮೇಲೆ ಏರಿತು, ಅರವತ್ತೊಂದು. ಹದಿನಾಲ್ಕನೆಯ ಸಾಲಿನಲ್ಲಿ, ಎಲ್ಲಕ್ಕೂ ಕೆಳಗೆ, ನಮ್ಮೂರು. ಒಂದು.

ಕರಕರ ಎಂದು ಪ್ರಿಂಟಾಗಿ ಬಂದ ಹಾಳೆಯಲ್ಲಿ ಪ್ರತಿ ನಂಬರಿನ ಪಕ್ಕ ಅಕ್ಕೋರು ಊರ ಹೆಸರನ್ನು ಕನ್ನಡದಲ್ಲಿ ಬರೆಯುತ್ತ ಬಂದು ಕೊನೆಗೆ ತಲೆಯೆತ್ತಿದರು.

"ಈ ಒಂದು ಅಂದ್ರ ನೀನಾ?"

"ಹೌದ್ರಿ."

"ಕ್ರಾಸಿನಿಂದ ಹೆಂಗ ಹೋಗತಿ?"

"ನಡಕೋತ ಹೋಗತೇನ್ರಿ. ಹಬ್ಬ ಆದ ಮ್ಯಾಲ ಬರೂದಿಲ್ರಿ ಅಕ್ಕೋರ. ಅಪ್ಪ ಸಾಕು ಅಂದಾನ್ರಿ." ಹೇಳಬಾರದೆಂದುಕೊಂಡದ್ದು ಹಾಗೇ ಹೊರಬಿತ್ತು. ಅವರು ಸಮಾಧಾನದ ಮಾತು ಆಡಲಿಲ್ಲ. ಹಾಳೆ ಮಡಿಚಿ ಪರ್ಸಿನಲ್ಲಿಟ್ಟುಕೊಂಡು, "ನಾಳೆ ಹನ್ನೊಂದಕ್ಕ ನನ್ನ ಜೋಡಿ ಬಾ" ಎಂದಷ್ಟೇ ಅಂದರು.

ಡಿಪೊ ಸಾಹೇಬರು ಒಳ್ಳೆಯವರೇ. ಚಹಾ ತರಿಸಿದರು. ಪಟ್ಟಿ ನೋಡಿ ಖುಷಿಪಟ್ಟರು. "ಭಾಳ ಚಂದ ಮಾಡೀರಿ ಅಕ್ಕೋರ. ಮನೋಳಿಗೆ ಒಂದು ಬಸ್ ಬಿಟ್ಟ ಬಿಡೂಣು" ಎಂದು ಹಾಳೆಯನ್ನು ಫೈಲಿನೊಳಗೆ ಸೇರಿಸಲು ಹೊರಟರು.

"ಪಟ್ಟಿ ಇನ್ನೂ ಮುಗದಿಲ್ರಿ ಸಾಹೇಬ್ರ. ಕಡೀ ಸಾಲು ಓದ್ರಿ."

"ಅದು ಒಂದ ಐತಿ, ಬಿಡ್ರಿ."

"ಆ ಒಂದು ನಿಮ್ಮ ಮುಂದ ನಿಂತೈತಿ."

ಸಾಹೇಬರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. "ಒಬ್ಬಾಕಿ ಸಲುವಾಗಿ ಎಂಟು ಕಿಲೋಮೀಟರ್ ಬಸ್ ಸುತ್ತಸಾಕ ಆಗತೈತೇನ್ರಿ?" ಎಂದರು ಅವರು. ಅದರಲ್ಲಿ ಕೊಂಕಿರಲಿಲ್ಲ, ನಿಜವಾಗಿಯೂ ಕೇಳಿದ್ದರು.

"ಮನೋಳಿಯಿಂದ ಅರವತ್ತೊಂದು ಮಂದಿ ಯಾಕ ಬರಾಕ ಹತ್ಯಾರ? ಬಸ್ ಐತಿ, ಅದಕ್ಕ. ಈಕಿ ಬಸ್ ಇಲ್ದನ ಒಂದೂವರಿ ವರ್ಷ ಬಂದಾಳ. ನಾವು ಎಣಿಸಿದ್ದು ಬಂದವರನ್ನ. ಬರಲಾರದವರನ್ನ ಯಾವ ಮಷಿನ್ ಎಣಸತೈತ್ರಿ? ಒಮ್ಮೆ ಬಸ್ ಬಿಟ್ಟು ನೋಡ್ರಿ, ಆಮ್ಯಾಲ ಮಾತಾಡೂಣು."

ಸಾಹೇಬರು ಹಾಳೆಯ ಕೊನೆಯ ಸಾಲು ಮತ್ತೊಮ್ಮೆ ಓದಿ ಚಹಾ ಮುಗಿಸಿದರು. ಕಪ್ಪು ಕೆಳಗಿಟ್ಟು, "ಮುಂಜಾನೆ ಒಮ್ಮೆ, ಸಂಜೀಕ ಒಮ್ಮೆ ಬಿಟ್ಟು ಒಂದ ತಿಂಗಳು ನೋಡತೇನಿ. ಖಾಲಿ ಓಡಿದ್ರ ಬಂದ್. ಆಮ್ಯಾಲ ಬಂದು ಜಗಳಾ ತಗೀಬಾರದು ನೋಡ್ರಿ" ಎಂದರು.

ಇನ್ನೊಂದೇ ವಾರ ಹೋಗಿಬರುತ್ತೇನೆಂದು ಅಪ್ಪನನ್ನು ಒಪ್ಪಿಸಿದ್ದೆ. ಹಬ್ಬದ ಮರುವಾರ ಸಂಜೆ ಮನೋಳಿ ಬಸ್ಸು ಕ್ರಾಸಿನಲ್ಲಿ ಹೊರಳಿ ನಮ್ಮೂರ ದಾರಿ ಹಿಡಿಯಿತು. ಒಳಗೆ ನನ್ನ ಪಕ್ಕ ಅಕ್ಕೋರು ಕುಳಿತಿದ್ದರು. ಬಸ್ಸು ಬಂದದ್ದು ನೋಡಿ ಜನ ಮನೆಯಿಂದ ಹೊರಬಂದರು. ಬಸ್ಸು ಹೊರಳಿಸಲು ಡ್ರೈವರನಿಗೆ ಜಾಗ ತೋರಿಸುತ್ತ ಹತ್ತು ಮಂದಿ ಹತ್ತು ಕಡೆ ಕೈ ಮಾಡಿದರು. ಅಕ್ಕೋರು ಸೀದಾ ನಮ್ಮ ಮನೆಗೆ ನಡೆದರು. ಅಪ್ಪ ಕಂಬಳಿ ಹಾಸಿದ. ಅವ್ವ ನೀರು ಕೊಟ್ಟಳು.

"ಅಕ್ಕೋರ, ಹುಡುಗಿ ಇಷ್ಟೆಲ್ಲಾ ಕಲತು ಏನ ಮಾಡಾಕಿ?" ಎಂದು ಅಪ್ಪ ಕೇಳಿದ.

ಅಕ್ಕೋರು ಪರ್ಸಿನಿಂದ ಪಟ್ಟಿಯ ಇನ್ನೊಂದು ಪ್ರತಿ ತೆಗೆದು ಅವನ ಕೈಗೆ ಕೊಟ್ಟರು. "ಇದನ್ನ ನೋಡ್ರಿ ಅಣ್ಣಾರ. ನಿಮ್ಮ ಮಗಳು ಮಾಡಿದ್ದು. ಡಿಪೊ ಸಾಹೇಬ್ರು ಇದನ್ನ ನೋಡೇ ಬಸ್ ಕಳಿಸ್ಯಾರ."

ಅಪ್ಪ ಕನ್ನಡ ಓದಬಲ್ಲವನು. ಒಂದೊಂದೇ ಊರಿನ ಹೆಸರು ಓದುತ್ತ ಬೆರಳು ಕೆಳಗೆ ಇಳಿಸಿದ. ಕೊನೆಗೆ ಬಂದು ನಿಂತ. ಮುಖ ಬಾಡಿತು. "ನಮ್ಮೂರು ಇಷ್ಟ ಕೆಳಗ ಐತೇನ್ರಿ?"

"ಐತಿ. ಮ್ಯಾಲ ಹತ್ತಸೂದು ನಿಮ್ಮ ಕೈಯಾಗ ಐತಿ. ಒಂದ ತಿಂಗಳು ಕೊಟ್ಟಾರ."

ಅಪ್ಪ ಆ ಹಾಳೆಯನ್ನು ವಾಪಸು ಕೊಡಲಿಲ್ಲ. ಮರುದಿನದಿಂದ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಮನೆಮನೆ ತಿರುಗಿದ. ಹಾಲು ಮಾರುವವರಿಗೆ, ಸಂತೆಗೆ ಹೋಗುವವರಿಗೆ, ಮನೋಳಿಯ ಹೈಸ್ಕೂಲಿಗೆ ನಡೆದು ಹೋಗುತ್ತಿದ್ದ ಮಕ್ಕಳ ತಾಯಂದಿರಿಗೆ, ಎಲ್ಲರಿಗೂ ತೋರಿಸಿದ: "ಹದಿನಾಕು ಊರಾಗ ನಮ್ಮದು ಕಡೀದು ನೋಡ್ರಿ. ನಾಚಿಕಿ ಆಗೂದಿಲ್ಲೇನ?" ಹತ್ತನೆಯ ತರಗತಿ ಮುಗಿಸಿ ಮನೆಯಲ್ಲಿ ಕುಳಿತಿದ್ದ ಇಬ್ಬರು ಹುಡುಗಿಯರು ಸವದತ್ತಿಯ ಹೊಲಿಗೆ ಕ್ಲಾಸಿಗೆ ಹೊರಟರು. ಮೂರು ಭಾನುವಾರ ಅಕ್ಕೋರೂ ಮುರಗೋಡದಿಂದ ಎರಡು ಬಸ್ಸು ಬದಲಿಸಿ ಬಂದು ಅಪ್ಪನ ಜೊತೆ ತಿರುಗಿದರು. ತಿಂಗಳು ತುಂಬಿದ ದಿನ ನಮ್ಮೂರ ಹೆಂಗಸರು ಸೀಟಿಗಾಗಿ ಕಂಡಕ್ಟರನ ಜೊತೆ ವಾದಕ್ಕೆ ನಿಂತಿದ್ದರು. ಬಸ್ಸು ಬಂದ್ ಆಗಲಿಲ್ಲ, ನನ್ನ ಕಾಲೇಜೂ ನಿಲ್ಲಲಿಲ್ಲ.

ಮುಂದಿನ ಜೂನಿನಲ್ಲಿ ನಮ್ಮೂರಿನಿಂದ ಮತ್ತೆ ನಾಲ್ವರು ಹುಡುಗಿಯರು ಕಾಲೇಜಿಗೆ ಬಂದರು. ಪಾಸಿನ ಅರ್ಜಿ ಬಂದ ಕೂಡಲೇ ಅಕ್ಕೋರು ಅದೇ ಪ್ರೋಗ್ರಾಮು ಓಡಿಸಿದರು. ಮನೆಗೆ ಹೋದೊಡನೆ ಅಪ್ಪ ಕೇಳಿದ್ದು ನನ್ನ ಮಾರ್ಕ್ಸನ್ನಲ್ಲ. "ಈ ವರ್ಷ ಎಷ್ಟನೇ ಸಾಲು?"

"ಹನ್ನೊಂದು."

"ಅಡ್ಡಿ ಇಲ್ಲ" ಎಂದ. ಆದರೆ ಆ ಸಂಜೆ ಗುಡಿಯ ಕಟ್ಟೆಯ ಮೇಲೆ ಅದನ್ನೇ ಎಲ್ಲರಿಗೂ ಹೇಳುತ್ತ ಕುಳಿತಿದ್ದ.

ನಾನು ಪದವಿ ಮುಗಿಸಿದೆ, ಮುಂದೆಯೂ ಓದಿದೆ. ಬೈಲಹೊಂಗಲದ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವ ಕೆಲಸ ಸಿಕ್ಕಾಗ ಪೇಢೆ ಹಿಡಿದುಕೊಂಡು ಮುರಗೋಡಕ್ಕೆ ಹೋದೆ. ಅಕ್ಕೋರು ಪೇಢೆ ಬಾಯಿಗೆ ಹಾಕಿಕೊಂಡು, "ಪೋರಗೋಳು ತಪ್ಪ ಮಾಡಿದ್ರ ನಗಬ್ಯಾಡ. ಎಲ್ಲಿ ತಪ್ಪಿದ್ರು ಅಂತ ಬೆರಳು ಇಟ್ಟು ತೋರಸು" ಎಂದರು. ನಾನು ಇವತ್ತಿಗೂ ಅದನ್ನು ಪಾಲಿಸುತ್ತೇನೆ. ನನ್ನಲ್ಲಿ ಕಲಿಸುವವಳ ಗುಣವೇನಾದರೂ ಇದ್ದರೆ ಅದು ಅವರಿಂದ ಬಂದದ್ದು.

ನಿವೃತ್ತಿಗೆ ಎರಡು ವರ್ಷ ಇರುವಾಗಲೇ ಅಕ್ಕೋರು ತೀರಿಕೊಂಡರು. ಕಾಯಿಲೆಯನ್ನು ಯಾರಿಗೂ ಹೇಳಿರಲಿಲ್ಲ. ಸುದ್ದಿ ಮುಟ್ಟಿದಾಗ ಅಪ್ಪನೇ ಮೊದಲು ಹೊರಟು ನಿಂತ. ನಾವು ಮುರಗೋಡ ಮುಟ್ಟುವ ಹೊತ್ತಿಗೆ ಮನೆಯ ಮುಂದೆ ಜನ ತುಂಬಿದ್ದರು. ಎಷ್ಟೋ ಮಂದಿ ಅವರ ಹಳೆಯ ವಿದ್ಯಾರ್ಥಿಗಳು. ಬಂದವರನ್ನು ಕೂರಿಸುತ್ತಿದ್ದ ಅಕ್ಕೋರ ಅಣ್ಣ, ಅಪ್ಪನ ಧೋತರ, ತಲೆಗೆ ಸುತ್ತಿದ ಪಟಗ ನೋಡಿ, "ಯಾವೂರವರ್ರಿ?" ಎಂದರು.

ಅಪ್ಪ ಊರ ಹೆಸರು ಹೇಳಿದ. ಅವರಿಗೆ ಗುರುತು ಹತ್ತಲಿಲ್ಲ. "ಎಲ್ಲಿ ಬರತೈತ್ರಿ ಅದು?"

ನಾನು ಮನೋಳಿ ರಸ್ತೆಯೆಂದು ವಿವರಿಸಲು ಹೊರಟೆ. ಅಪ್ಪ ನನ್ನ ತೋಳು ಹಿಡಿದು ತಡೆದ. ನಮ್ಮೂರು ಬಿಟ್ಟರೆ ನಾಲ್ಕು ಜನರೆದುರು ಬಾಯಿ ಬಿಡದ ನನ್ನ ಅಪ್ಪ ಅಷ್ಟು ಮಂದಿಯ ನಡುವೆ ಬೆನ್ನು ನೆಟ್ಟಗೆ ಮಾಡಿ, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದ:

"ಅಕ್ಕೋರ ಊರ್ರಿ ಅದು. ನಾವು ಅಕ್ಕೋರ ಊರವರು."